ವಾದ್ಯವೃಂದದ ಸ್ಯಾಂಪಲ್ ಲೈಬ್ರರಿ: ಅಪ್‌ಗ್ರೇಡ್ ಬೆಲೆ ಮತ್ತು ರಿಯಾಯಿತಿಗಳ ಲೆಕ್ಕ ಹಾಕುವ ಬಗೆ

ಪಾಶ್ಚಾತ್ಯ ವಾದ್ಯವೃಂದದ ಸ್ಯಾಂಪಲ್ ಲೈಬ್ರರಿಗಳಿಗೆ ಮಾರುಕಟ್ಟೆಯಲ್ಲಿ ಒಂದೇ ಬೆಲೆ ಎಂಬುದಿಲ್ಲ. ಸ್ಯಾಂಪಲ್ ಲೈಬ್ರರಿ ಎಂದರೆ ವಾದ್ಯಗಳ ಧ್ವನಿಯನ್ನು ಸ್ವರಸ್ವರವಾಗಿ ಮುದ್ರಿಸಿ, ಕಂಪ್ಯೂಟರಿನಲ್ಲಿ ನುಡಿಸಲು ಕೊಡುವ ಸಂಗ್ರಹ. ಒಂದೇ ಲೈಬ್ರರಿಯನ್ನು ಬಿಡುಗಡೆಯ ವಾರದಲ್ಲಿ ಕೊಂಡವರು, ಅದರ ಚಿಕ್ಕ ಆವೃತ್ತಿಯಿಂದ ಮೇಲೇರಿದವರು, ನವೆಂಬರಿನ ರಿಯಾಯಿತಿಗೆ ಕಾದವರು, ವಿದ್ಯಾರ್ಥಿಯಾಗಿ ಕೊಂಡವರು, ಹೀಗೆ ಒಬ್ಬೊಬ್ಬರು ತೆತ್ತ ಹಣ ಒಂದೊಂದು ಬಗೆಯದಾಗಿರುತ್ತದೆ. ಕಿರುಚಿತ್ರ, ಧಾರಾವಾಹಿ, ಜಾಹೀರಾತುಗಳಿಗೆ ಹಿನ್ನೆಲೆ ಸಂಗೀತ ಮಾಡಿಕೊಡುವ ನಮ್ಮ ಸಂಯೋಜಕರಿಗೆ ಮತ್ತು ಸಂಗೀತ ಪ್ರೋಗ್ರಾಮರ್‌ಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ. ದೊಡ್ಡ ಲೈಬ್ರರಿಯೊಂದರ ಪೂರ್ಣ ಬೆಲೆ ಎಷ್ಟೋ ಸಲ ಒಂದು ಒಳ್ಳೆಯ ಆಡಿಯೊ ಇಂಟರ್‌ಫೇಸಿನ ಬೆಲೆಯನ್ನೂ ಮೀರುತ್ತದೆ. ಹಾಗಾಗಿ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವ ಶೇಕಡಾವಾರು ರಿಯಾಯಿತಿಯನ್ನು ನೋಡಿ ಕೊಳ್ಳುವ ಬದಲು, ಈಗ ನಿಮ್ಮಲ್ಲಿ ಇರುವುದರಿಂದ ಕೊನೆಗೆ ನಿಮಗೆ ಬೇಕಾದುದರವರೆಗೆ ತಲುಪಲು ಒಟ್ಟು ಎಷ್ಟು ಹಣ ಖರ್ಚಾಗುತ್ತದೆ ಎಂದು ಕೂಡಿ ನೋಡಿ ಕೊಳ್ಳಬೇಕು. ಆ ಲೆಕ್ಕವನ್ನು ಹಾಕುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಬೆಲೆಯ ಬಗೆಗಳು

ಪೂರ್ಣ ಬೆಲೆ ಎಂದರೆ ಕಂಪನಿ ತನ್ನ ಮಾಲಿಗೆ ಕಟ್ಟಿದ ಮೂಲ ಬೆಲೆ. ವರ್ಷದಲ್ಲಿ ಹಲವು ಬಾರಿ ರಿಯಾಯಿತಿ ಕೊಡುವ ಕಂಪನಿಗಳ ವಿಷಯದಲ್ಲಿ ಇದನ್ನು ಯಾರೂ ಕೊಡದ ಬೆಲೆ ಎಂದೇ ತಿಳಿಯಬಹುದು. ಆದರೂ ಅದನ್ನು ಗುರುತು ಹಾಕಿಕೊಳ್ಳಬೇಕು, ಏಕೆಂದರೆ ಅಪ್‌ಗ್ರೇಡ್ ಬೆಲೆಯ ಲೆಕ್ಕ ಶುರುವಾಗುವುದು ಅಲ್ಲಿಂದಲೇ. ಹೊಸ ಲೈಬ್ರರಿ ಬಿಡುಗಡೆಯಾದಾಗ ಮೊದಲ ಕೆಲವು ವಾರ ಇರುವುದು ಪರಿಚಯದ ಬೆಲೆ. ಇದು ಸಾಮಾನ್ಯವಾಗಿ ಮುಂದಿನ ದೊಡ್ಡ ಮಾರಾಟದಲ್ಲಿ ಸಿಗುವ ಬೆಲೆಗಿಂತ ಬಹಳ ಕಡಿಮೆಯೇನೂ ಇರುವುದಿಲ್ಲ. ಆದ್ದರಿಂದ ಕೈಯಲ್ಲಿ ಕೆಲಸವಿಲ್ಲದೆ, ಅವಕಾಶ ತಪ್ಪೀತು ಎಂಬ ಆತಂಕದಿಂದ ಆ ಬೆಲೆಗೆ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಅಪ್‌ಗ್ರೇಡ್ ಬೆಲೆ ಎಂದರೆ ಅದೇ ಲೈಬ್ರರಿಯ ಚಿಕ್ಕ ಆವೃತ್ತಿ ಇರುವವರಿಗೆ ದೊಡ್ಡದನ್ನು ಕೊಡುವ ಬೆಲೆ, ಅಥವಾ ಹಳೆಯ ಪೀಳಿಗೆಯದನ್ನು ಹೊಂದಿದವರಿಗೆ ಹೊಸ ಪೀಳಿಗೆಯದನ್ನು ಕೊಡುವ ಬೆಲೆ. ಬೇರೊಂದು ಉತ್ಪನ್ನ ನಿಮ್ಮಲ್ಲಿದೆ ಎಂಬ ಕಾರಣಕ್ಕೆ ಕಡಿಮೆಗೆ ಸಿಗುವುದನ್ನು ಕ್ರಾಸ್‌ಗ್ರೇಡ್ ಎನ್ನುತ್ತಾರೆ. ಇದಲ್ಲದೆ ಹಲವು ಲೈಬ್ರರಿಗಳನ್ನು ಒಟ್ಟಿಗೆ ಮಾರುವ ಬಂಡಲ್‌ನಲ್ಲಿ ಕೆಲವು ಈಗಾಗಲೇ ನಿಮ್ಮಲ್ಲಿದ್ದರೆ ಉಳಿದವನ್ನು ಸೇರಿಸಿ ಪೂರ್ತಿ ಮಾಡಿಕೊಳ್ಳುವ ಬೆಲೆ, ಹಳೆಯ ಗಿರಾಕಿಗೆ ಕೊಡುವ ನಿಷ್ಠೆಯ ರಿಯಾಯಿತಿ, ವಿದ್ಯಾರ್ಥಿ ಮತ್ತು ಅಧ್ಯಾಪಕರ ಬೆಲೆ ಇರುತ್ತವೆ. ಕೊನೆಗೆ ಹೇಳಿದ ಎರಡು ಬಗೆಗಳೂ ವರ್ಷವಿಡೀ ಇರುವಂಥವು, ಮಾರಾಟದ ದಿನಗಳಿಗೆ ಕಾಯಬೇಕಿಲ್ಲ. ಆಸ್ಟ್ರೇಲಿಯಾದ ಸಿನಿಮ್ಯಾಟಿಕ್ ಸ್ಟುಡಿಯೊ ಸರಣಿ ನಿಷ್ಠೆಯ ರಿಯಾಯಿತಿಗೆ ಒಳ್ಳೆಯ ಉದಾಹರಣೆ: ಅಲ್ಲಿ ಸ್ಟ್ರಿಂಗ್ಸ್ (ತಂತಿವಾದ್ಯಗಳು) ಕೊಂಡವರಿಗೆ ಅದೇ ಸರಣಿಯ ಬ್ರಾಸ್ (ಹಿತ್ತಾಳೆ ವಾದ್ಯಗಳು), ಕೊಳಲು, ಓಬೊ ಮುಂತಾದ ವುಡ್‌ವಿಂಡ್ಸ್‌ಗಳು ಕಡಿಮೆ ಬೆಲೆಗೆ ಸಿಗುತ್ತವೆ. ಇಂಥ ಕಂಪನಿಯ ಮೊದಲ ಲೈಬ್ರರಿಯನ್ನು ಕೊಳ್ಳುವಾಗ ಅದರ ಬೆಲೆಯೊಂದನ್ನೇ ನೋಡದೆ ಸರಣಿಯ ಒಟ್ಟು ಬೆಲೆಯನ್ನು ನೋಡಬೇಕು.

ಒಂದು ಲೈಬ್ರರಿ, ಮೂರು ಆವೃತ್ತಿ

ಅಪ್‌ಗ್ರೇಡಿನ ಏಣಿ ಹೇಗಿರುತ್ತದೆ ಎಂಬುದನ್ನು ನೋಡಲು ಲಂಡನ್ನಿನ ಸ್ಪಿಟ್‌ಫೈರ್ ಆಡಿಯೊ ಕಂಪನಿಯ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಲೈಬ್ರರಿಗಿಂತ ಸ್ಪಷ್ಟವಾದುದು ಸಿಗಲಾರದು. ಬಿಬಿಸಿಯ ಮೈಡಾ ವೇಲ್ ಸ್ಟುಡಿಯೊದಲ್ಲಿ ಧ್ವನಿಮುದ್ರಿಸಿದ ಈ ಲೈಬ್ರರಿ 2019ರಲ್ಲಿ ಒಂದೇ ಉತ್ಪನ್ನವಾಗಿ ಹೊರಬಂದಿತು. 2020ರಲ್ಲಿ ಕಂಪನಿ ಅದನ್ನು ಡಿಸ್ಕವರ್, ಕೋರ್, ಪ್ರೊಫೆಷನಲ್ ಎಂದು ಮೂರಾಗಿ ಹಂಚಿತು. ಆಗ ಪ್ರೊಫೆಷನಲ್‌ಗೆ 999 ಡಾಲರ್, ಕೋರ್‌ಗೆ 449 ಡಾಲರ್, ಡಿಸ್ಕವರ್‌ಗೆ 49 ಡಾಲರ್ ಬೆಲೆ ಇತ್ತು; ಡಿಸ್ಕವರ್‌ಗೆ ಹಣ ಕೊಡಲು ಮನಸ್ಸಿಲ್ಲದವರು ಒಂದು ಪ್ರಶ್ನಾವಳಿ ತುಂಬಿ 14 ದಿನ ಕಾದರೆ ಉಚಿತವಾಗಿಯೂ ಸಿಗುತ್ತಿತ್ತು. ಗಾತ್ರದಲ್ಲಿಯೂ ಅಷ್ಟೇ ಅಂತರ: ಡಿಸ್ಕವರ್ ಕೆಲವು ನೂರು ಎಂಬಿ, ಕೋರ್ ಕೆಲವು ಹತ್ತು ಜಿಬಿ, ಪ್ರೊಫೆಷನಲ್ ಸುಮಾರು 600 ಜಿಬಿ.

ಈ ಮೂರರ ನಡುವಿನ ವ್ಯತ್ಯಾಸ ಎಲ್ಲಿದೆ ಎಂಬುದನ್ನು ಹಣ ಕೊಡುವ ಮೊದಲೇ ತಿಳಿಯಬೇಕು. ಡಿಸ್ಕವರ್‌ನಿಂದ ಕೋರ್‌ಗೆ ಹೋದಾಗ ವಾದ್ಯಗಳು ಹೆಚ್ಚುತ್ತವೆ. ನುಡಿಸುವ ರೀತಿಗಳು, ಅಂದರೆ ಲೆಗಾಟೊ, ಸ್ಟಕಾಟೊ, ಟ್ರೆಮೊಲೊ ಮುಂತಾದ ಆರ್ಟಿಕ್ಯುಲೇಷನ್‌ಗಳು ಹಲವು ಪಟ್ಟು ಹೆಚ್ಚುತ್ತವೆ. ಕೋರ್‌ನಿಂದ ಪ್ರೊಫೆಷನಲ್‌ಗೆ ಹೋದಾಗ ಮುಖ್ಯವಾಗಿ ಹೆಚ್ಚುವುದು ಮೈಕ್‌ಗಳು. ಕೋರ್‌ನಲ್ಲಿ ಒಂದೇ ಸಿದ್ಧ ಮಿಶ್ರಣವಿದ್ದರೆ, ಪ್ರೊಫೆಷನಲ್‌ನಲ್ಲಿ ಹತ್ತಿರದ ಮೈಕ್, ದೂರದ ಮೈಕ್, ಪಕ್ಕದ ವಾದ್ಯಗಳ ಮೈಕಿಗೆ ಸೋರಿದ ಧ್ವನಿ ಇತ್ಯಾದಿ 20 ಸಿಗ್ನಲ್‌ಗಳಿವೆ. ಮೊದಲನೆಯ ಮೆಟ್ಟಿಲು ಏರಿದರೆ ನೀವು ಬರೆಯುವ ಸಂಗೀತವೇ ಬದಲಾಗುತ್ತದೆ. ಎರಡನೆಯದನ್ನು ಏರಿದರೆ ಬದಲಾಗುವುದು ಹೆಚ್ಚಾಗಿ ಮಿಕ್ಸಿಂಗ್. ಸಿನಿಮಾಕ್ಕೆ ಸರೌಂಡ್ ಮಿಶ್ರಣ ಕೊಡಬೇಕಾದವರಿಗೆ, ಬೇರೆ ಲೈಬ್ರರಿಯ ಹಾರ್ನ್ ಜೊತೆ ಈ ಸ್ಟ್ರಿಂಗ್ಸ್ ಕೂರಿಸಬೇಕಾದವರಿಗೆ ಎರಡನೆಯದೂ ಬೇಕಾಗಬಹುದು. ಟಿವಿ ಮತ್ತು ಮೊಬೈಲಿನಲ್ಲಿ ಕೇಳಿಸಿಕೊಳ್ಳುವ ಕೆಲಸವನ್ನೇ ಮಾಡುವವರಿಗೆ ಆ ಹಣದಲ್ಲಿ ಬೇರೆಯದೇ ಒಂದು ಲೈಬ್ರರಿ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಂಥ ವ್ಯವಸ್ಥೆ ಈ ಕಂಪನಿಯೊಂದರದ್ದೇ ಅಲ್ಲ. ವಿಯೆನ್ನಾ ಸಿಂಫೋನಿಕ್ ಲೈಬ್ರರಿಯವರು ತಮ್ಮ ಸಿಂಕ್ರನ್ ಸರಣಿಯಲ್ಲಿ ಸ್ಟ್ಯಾಂಡರ್ಡ್ ಮತ್ತು ಫುಲ್ ಎಂದು ಎರಡು ಹಂತ ಇಟ್ಟಿದ್ದಾರೆ. ಅಲ್ಲಿಯೂ ಫುಲ್ ಎಂದರೆ ಹೆಚ್ಚಿನ ಮೈಕ್‌ಗಳು. ಈಸ್ಟ್‌ವೆಸ್ಟ್ ಕಂಪನಿಯ ಹಾಲಿವುಡ್ ಆರ್ಕೆಸ್ಟ್ರಾದಲ್ಲಿ ಗೋಲ್ಡ್ ಮತ್ತು ಡೈಮಂಡ್ ಎಂಬ ಹಂತಗಳಿದ್ದು, ಗೋಲ್ಡ್‌ನಲ್ಲಿ ಒಂದೇ ಮೈಕ್ ಸ್ಥಾನ, ಡೈಮಂಡ್‌ನಲ್ಲಿ ಹಲವು. ಬರ್ಲಿನ್ನಿನ ಆರ್ಕೆಸ್ಟ್ರಲ್ ಟೂಲ್ಸ್ ಬೇರೆ ದಾರಿ ಹಿಡಿದಿದೆ: ಲೈಬ್ರರಿಗಳನ್ನು ನುಡಿಸುವ ತನ್ನ ಸೈನ್ ಪ್ಲೇಯರ್‌ಗೆ ಬರುವ ಬಹಳಷ್ಟು ಸಂಗ್ರಹಗಳಲ್ಲಿ ವಾದ್ಯಗಳನ್ನು ಬಿಡಿಬಿಡಿಯಾಗಿಯೇ ಮಾರುತ್ತದೆ. ಒಂದು ಹಾಡಿನ ಮಧ್ಯಂತರ ಸಂಗೀತಕ್ಕೆ ಓಬೊ ಒಂದೇ ಬೇಕೆಂದವರು ಇಡೀ ವುಡ್‌ವಿಂಡ್ಸ್ ಕೊಳ್ಳಬೇಕಾಗಿಲ್ಲ.

ಇಲ್ಲಿ ನಮ್ಮವರಿಗೆ ಮಾತ್ರ ಸಂಬಂಧಿಸಿದ ಒಂದು ಮಾತು ಹೇಳಬೇಕು. ಪಾಶ್ಚಾತ್ಯ ವಾದ್ಯವೃಂದದ ಲೈಬ್ರರಿಯಲ್ಲಿ ಲೆಗಾಟೊ ಎಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ನಯವಾಗಿ ಸರಿಯುವುದಷ್ಟೇ. ಗಮಕ ಅದರೊಳಗಿಲ್ಲ, ಅದರ ಅತಿ ದುಬಾರಿ ಆವೃತ್ತಿಯಲ್ಲಿಯೂ ಇರುವುದಿಲ್ಲ. ಕಲ್ಯಾಣಿಯ ಒಂದು ಎಳೆಯನ್ನು ವಯೊಲಿನ್ನಿನಲ್ಲಿ ಕೇಳಿಸಬೇಕೆಂದು ಮೇಲಿನ ಆವೃತ್ತಿಗೆ ಹಣ ಹಾಕುವುದಕ್ಕಿಂತ, ಗುಂಪಿನ ಧ್ವನಿಯನ್ನು ಲೈಬ್ರರಿಗೆ ಬಿಟ್ಟು ಆ ಎಳೆಯನ್ನು ಒಬ್ಬ ವಾದಕರಿಂದ ನುಡಿಸಿ ರೆಕಾರ್ಡ್ ಮಾಡುವುದೇ ಸರಿ.

ಅಪ್‌ಗ್ರೇಡ್ ಬೆಲೆ ಹುಟ್ಟುವ ಬಗೆ

ವ್ಯತ್ಯಾಸದ ಹಣವನ್ನಷ್ಟೇ ಕೊಡಿ ಎಂದು ಬಹುತೇಕ ಕಂಪನಿಗಳು ಹೇಳುತ್ತವೆ. ಆದರೆ ಯಾವುದರಿಂದ ಯಾವುದನ್ನು ಕಳೆದ ವ್ಯತ್ಯಾಸ ಎಂಬ ಪ್ರಶ್ನೆಯಲ್ಲಿಯೇ ಎಲ್ಲ ಅಡಗಿದೆ. ಲೆಕ್ಕಕ್ಕೆ ಸುಲಭವಾಗಲೆಂದು ಕಾಲ್ಪನಿಕ ಬೆಲೆಗಳನ್ನು ತೆಗೆದುಕೊಳ್ಳೋಣ. ದೊಡ್ಡ ಆವೃತ್ತಿಯ ಪೂರ್ಣ ಬೆಲೆ 1,000 ಡಾಲರ್, ಚಿಕ್ಕದರದ್ದು 400. ನೀವು ಚಿಕ್ಕದನ್ನು ಅರ್ಧ ಬೆಲೆಯ ಮಾರಾಟದಲ್ಲಿ 200ಕ್ಕೆ ಕೊಂಡಿದ್ದೀರಿ. ಈಗ ಶೇ. 40ರ ರಿಯಾಯಿತಿಯ ಮಾರಾಟ ನಡೆಯುತ್ತಿದೆ. ಹೊಸಬರೊಬ್ಬರು ದೊಡ್ಡದನ್ನು ನೇರವಾಗಿ ಕೊಂಡರೆ 600 ಕೊಡುತ್ತಾರೆ.

ಮೊದಲನೆಯ ಪದ್ಧತಿಯಲ್ಲಿ ಕಂಪನಿ ಎರಡರ ಪೂರ್ಣ ಬೆಲೆಯ ವ್ಯತ್ಯಾಸವನ್ನು, ಅಂದರೆ 600ನ್ನು ಅಪ್‌ಗ್ರೇಡಿನ ಮೂಲ ಬೆಲೆಯಾಗಿ ಇಟ್ಟುಕೊಂಡು ಅದರ ಮೇಲೆ ಶೇ. 40 ಇಳಿಸುತ್ತದೆ. ಆಗ ನೀವು ಕೊಡುವುದು 360. ಹಿಂದಿನ 200 ಸೇರಿ ಒಟ್ಟು 560. ನೇರವಾಗಿ ಕೊಂಡವರಿಗಿಂತ ನಿಮಗೆ 40 ಡಾಲರ್ ಉಳಿಯಿತು. ಎರಡನೆಯ ಪದ್ಧತಿಯಲ್ಲಿ ಇಂದಿನ ಮಾರಾಟದ ಬೆಲೆಯಿಂದ ನೀವು ನಿಜವಾಗಿ ಕೊಟ್ಟಿದ್ದನ್ನು ವಜಾ ಮಾಡುತ್ತಾರೆ: 600ರಲ್ಲಿ 200 ಕಳೆದು 400, ಒಟ್ಟು 600, ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೂರನೆಯದರಲ್ಲಿ ಮಾರಾಟದ ಬೆಲೆಯಿಂದ ಚಿಕ್ಕದರ ಪೂರ್ಣ ಬೆಲೆಯನ್ನೇ ಕಳೆಯುತ್ತಾರೆ: 600ರಲ್ಲಿ 400 ಹೋಗಿ 200, ಒಟ್ಟು 400 ಮಾತ್ರ. ಇದು ಅಪರೂಪ, ಸಿಕ್ಕರೆ ಬಿಡಬಾರದು. ನಾಲ್ಕನೆಯ ಬಗೆಯೂ ಉಂಟು, ಅದು ಕಹಿ: ಮಾರಾಟದ ರಿಯಾಯಿತಿ ಹೊಸ ಖರೀದಿಗೆ ಮಾತ್ರ ಅನ್ವಯಿಸಿ, ಅಪ್‌ಗ್ರೇಡಿಗೆ ಅನ್ವಯಿಸದೆ, ನೀವು ಪೂರ್ತಿ 600 ಕೊಡಬೇಕಾಗುತ್ತದೆ. ಆಗ ಚಿಕ್ಕದು ಕೈಯಲ್ಲಿ ಇಲ್ಲದವರೂ ಅಷ್ಟೇ ಕೊಡುವುದರಿಂದ, ನೀವು ಹಿಂದೆ ಕೊಟ್ಟ 200 ದಂಡವಾದಂತೆ.

ಈ ನಾಲ್ಕರಲ್ಲಿ ನಿಮ್ಮ ಕಂಪನಿಯದು ಯಾವುದು ಎಂದು ಕಂಡುಹಿಡಿಯುವ ವಿಧಾನ ಸರಳ. ಮಾರಾಟವಿಲ್ಲದ ಸಾಮಾನ್ಯ ದಿನವೊಂದರಲ್ಲಿ ನಿಮ್ಮ ಖಾತೆಯಿಂದ ಲಾಗಿನ್ ಆಗಿ ಲೈಬ್ರರಿಯನ್ನು ಕಾರ್ಟಿಗೆ ಸೇರಿಸಿ, ಬರುವ ಬೆಲೆಯನ್ನು ಬರೆದಿಟ್ಟುಕೊಳ್ಳಿ. ಮಾರಾಟ ಶುರುವಾದ ದಿನ ಹಾಗೆಯೇ ಮಾಡಿ. ಎರಡೂ ಅಂಕಿಗಳನ್ನು ಪೂರ್ಣ ಬೆಲೆಗಳೊಂದಿಗೆ ಹೋಲಿಸಿದರೆ ಪದ್ಧತಿ ತಾನಾಗಿ ತಿಳಿಯುತ್ತದೆ. ಲಾಗಿನ್ ಆಗದೆ ನೋಡಿದರೆ ಎಲ್ಲರಿಗೂ ಕಾಣುವ ಬೆಲೆಯೇ ನಿಮಗೂ ಕಾಣುತ್ತದೆ. ಎಷ್ಟೋ ಮಂದಿ ಹೊಸ ಇಮೇಲ್ ವಿಳಾಸದಿಂದ ಎರಡನೆಯ ಖಾತೆ ತೆರೆದು ಅಲ್ಲಿಂದ ಕೊಂಡು, ಹಳೆಯ ಖಾತೆಯಲ್ಲಿದ್ದ ಹಕ್ಕನ್ನು ಕಳೆದುಕೊಳ್ಳುವುದು ಇದರಿಂದಲೇ. ಹಾಗೆ ಎರಡು ಖಾತೆ ಇದ್ದರೆ, ಕೊಳ್ಳುವ ಮೊದಲೇ ಕಂಪನಿಯ ಸಹಾಯ ವಿಭಾಗಕ್ಕೆ ಬರೆದು ಒಂದಾಗಿಸಿಕೊಳ್ಳಬೇಕು. ಕೊಂಡ ಮೇಲೆ ಬರೆದರೆ ಕೆಲಸ ನಿಧಾನವಾಗುತ್ತದೆ, ಹಣ ವಾಪಸ್ಸು ಬರುವ ಖಾತ್ರಿಯೂ ಇರುವುದಿಲ್ಲ. ಉಚಿತವಾಗಿ ಪಡೆದ ಆವೃತ್ತಿಗೂ ಏನಾದರೂ ವಜಾ ಸಿಗುತ್ತದೆಯೇ ಎಂಬುದೂ ಕಾರ್ಟಿನಲ್ಲಿಯೇ ಗೊತ್ತಾಗುತ್ತದೆ. ಸಿಗುವುದಾದರೆ, ದೊಡ್ಡದನ್ನು ಕೊಳ್ಳುವ ಮೊದಲು ಉಚಿತವಾದುದನ್ನು ಖಾತೆಗೆ ಸೇರಿಸಿಕೊಂಡಿರುವುದು ಜಾಣತನ.

ಬಂಡಲ್ ಪೂರ್ತಿ ಮಾಡುವಾಗ

ಬಂಡಲ್‌ಗಳ ಲೆಕ್ಕ ಇನ್ನೂ ಸ್ವಲ್ಪ ಸೂಕ್ಷ್ಮ. ತಲಾ 500 ಡಾಲರಿನ ನಾಲ್ಕು ಲೈಬ್ರರಿಗಳ ಬಂಡಲ್‌ಗೆ 1,500 ಬೆಲೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ ಎರಡು ನಿಮ್ಮಲ್ಲಿವೆ. ಪೂರ್ತಿ ಮಾಡಿಕೊಳ್ಳುವ ಬೆಲೆ 750 ಎಂದು ಕಾಣುತ್ತದೆ; ಬಿಡಿಯಾಗಿ ಕೊಂಡರೆ 1,000 ಆಗುವಲ್ಲಿ ಇದು ಲಾಭವೇ. ಆದರೆ ಬಿಡಿ ಲೈಬ್ರರಿಗಳ ಮೇಲೆ ಶೇ. 40 ಇಳಿದ ದಿನ ಅವೆರಡೂ 600ಕ್ಕೆ ಬರುತ್ತವೆ, ಬಂಡಲ್‌ಗೆ ಆ ದಿನ ರಿಯಾಯಿತಿ ಇಲ್ಲದಿದ್ದರೆ 750 ಹಾಗೇ ನಿಂತಿರುತ್ತದೆ. ಬಂಡಲ್ ಮೇಲೂ ಅದೇ ಶೇ. 40 ಬಂದರೆ ಮಾತ್ರ 450ಕ್ಕೆ ಇಳಿದು ಮತ್ತೆ ಬಂಡಲ್ ಮೇಲಾಗುತ್ತದೆ. ಆದ್ದರಿಂದ ಬಂಡಲ್ ಎಂದರೆ ಯಾವಾಗಲೂ ಅಗ್ಗ ಎಂದು ನಂಬದೆ ಎರಡೂ ಕಾರ್ಟುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ನಾಲ್ಕರಲ್ಲಿ ಒಂದನ್ನು ನೀವು ಎಂದೂ ತೆರೆಯಲಾರಿರಿ ಎಂದಾದರೆ, ಅದಕ್ಕೆ ಲೆಕ್ಕದಲ್ಲಿ ಸೊನ್ನೆ ಬೆಲೆ ಹಾಕಿ ಮತ್ತೆ ಕೂಡಿ. ಬಹಳಷ್ಟು ಬಂಡಲ್‌ಗಳ ಮೆರುಗು ಅಲ್ಲಿಗೆ ಇಳಿಯುತ್ತದೆ.

ಎರಡು ರಿಯಾಯಿತಿಗಳು ಒಂದರ ಮೇಲೊಂದು ಕೂಡುತ್ತವೆಯೇ ಎಂಬುದನ್ನೂ ನೋಡಬೇಕು. ಮಾರಾಟದ ರಿಯಾಯಿತಿ, ವಿದ್ಯಾರ್ಥಿ ರಿಯಾಯಿತಿ, ಕೂಪನ್ ಇವು ಮೂರೂ ಸೇರುವುದು ವಿರಳ. ಎರಡರಲ್ಲಿ ದೊಡ್ಡದು ಮಾತ್ರ ಅನ್ವಯಿಸುತ್ತದೆ ಎಂಬ ನಿಯಮವೇ ಹೆಚ್ಚು ಕಡೆ ಇರುತ್ತದೆ. ಸೇರಿದರೂ ಶೇ. 40 ಮತ್ತು ಶೇ. 30 ಕೂಡಿ ಶೇ. 70 ಆಗುವುದಿಲ್ಲ: 100ರಲ್ಲಿ 40 ಹೋಗಿ ಉಳಿದ 60ರ ಮೇಲೆ ಶೇ. 30 ಇಳಿದು 42 ಆಗುತ್ತದೆ, ಅಂದರೆ ಒಟ್ಟು ಶೇ. 58.

ಕಾಯಬೇಕಾದ ತಿಂಗಳುಗಳು

ಆಷಾಢದಲ್ಲಿ ನಮ್ಮ ಬಟ್ಟೆ ಅಂಗಡಿಗಳು ರಿಯಾಯಿತಿಯ ಬೋರ್ಡು ಹಾಕುವಂತೆ ಈ ವ್ಯಾಪಾರಕ್ಕೂ ಅದರದ್ದೇ ಆದ ಮಾಸಗಳಿವೆ. ಅಮೆರಿಕದಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್; ಅದರ ಮರುದಿನದ ಬ್ಲ್ಯಾಕ್ ಫ್ರೈಡೇ ಹೆಸರಿನ ಮಾರಾಟ ಹೆಚ್ಚಿನ ಕಂಪನಿಗಳಲ್ಲಿ ಒಂದು ವಾರ ಮುಂಚೆಯೇ ಶುರುವಾಗಿ ಡಿಸೆಂಬರಿನೊಳಕ್ಕೂ ಚಾಚುತ್ತದೆ. ವರ್ಷದ ಅತಿ ಕಡಿಮೆ ಬೆಲೆ ಸಾಮಾನ್ಯವಾಗಿ ಆಗಲೇ. ವಸಂತದಲ್ಲಿ ಮತ್ತು ಜೂನ್ ಆಸುಪಾಸಿನಲ್ಲಿ ಇನ್ನೆರಡು ಸುತ್ತು ಇರುತ್ತವೆ. ನೇಟಿವ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಬೇಸಿಗೆಯ ಮಾರಾಟದಲ್ಲಿ ಅಪ್‌ಡೇಟ್ ಮತ್ತು ಅಪ್‌ಗ್ರೇಡ್‌ಗಳು ಅರ್ಧ ಬೆಲೆಗೆ ಸಿಗುವುದು ವಾಡಿಕೆಯಾಗಿದೆ. ವಾರಕ್ಕೊಂದು ಕೊನೆಯ ಅವಕಾಶ ಎಂದು ಇಮೇಲ್ ಕಳುಹಿಸುವ ಕಂಪನಿಯ ವಿಷಯದಲ್ಲಿ ಕಾಯುವ ಪ್ರಶ್ನೆಯೇ ಇಲ್ಲ. ಅವರ ರಿಯಾಯಿತಿ ಬೆಲೆಯೇ ಅವರ ಬೆಲೆ.

ಕೊಂಡ ಕೆಲವೇ ದಿನಗಳಲ್ಲಿ ಬೆಲೆ ಇಳಿದರೆ ಸಹಾಯ ವಿಭಾಗಕ್ಕೆ ಮರ್ಯಾದೆಯಿಂದ ಒಂದು ಪತ್ರ ಬರೆಯಿರಿ. ವ್ಯತ್ಯಾಸವನ್ನು ವೋಚರ್ ರೂಪದಲ್ಲಿ ಕೊಡುವವರೂ ಇದ್ದಾರೆ. ಹಕ್ಕೆಂದು ಕೇಳುವಂತಿಲ್ಲ, ಕೇಳಿದರೆ ಕಳೆದುಕೊಳ್ಳುವುದೂ ಏನಿಲ್ಲ. ಹಾಗೆಯೇ ಹಳೆಯ ಪೀಳಿಗೆಯ ಲೈಬ್ರರಿ ತೀರಾ ಅಗ್ಗವಾಗಿ ಸಿಗುತ್ತಿದ್ದರೆ ಹೊಸದು ಬರುವ ಹೊತ್ತಾಗಿರಬಹುದು. ಹೊಸದಕ್ಕೆ ಹೋಗುವ ಅಪ್‌ಗ್ರೇಡ್ ಬೆಲೆ ಚೆನ್ನಾಗಿರುವುದಾದರೆ ಆ ಅಗ್ಗದ ಹಳೆಯದೇ ಒಳ್ಳೆಯ ಮೊದಲ ಮೆಟ್ಟಿಲಾಗುತ್ತದೆ. ಈಸ್ಟ್‌ವೆಸ್ಟ್ 2021ರಲ್ಲಿ ಹಾಲಿವುಡ್ ಆರ್ಕೆಸ್ಟ್ರಾದ ಓಪಸ್ ಆವೃತ್ತಿಯನ್ನು ತಂದಾಗ ಹಳೆಯ ಹಾಲಿವುಡ್ ಆರ್ಕೆಸ್ಟ್ರಾ ಇದ್ದವರಿಗೆ ಬೇರೆಯೇ ಅಪ್‌ಗ್ರೇಡ್ ಬೆಲೆ ಇಟ್ಟಿತ್ತು.

ಕಾಂಟ್ಯಾಕ್ಟ್ ಎಂಬ ಮರೆಯ ಖರ್ಚು

ಬಹಳಷ್ಟು ಲೈಬ್ರರಿಗಳು ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಕಾಂಟ್ಯಾಕ್ಟ್ ಎಂಬ, ಸ್ಯಾಂಪಲ್ ನುಡಿಸುವ ತಂತ್ರಾಂಶವಾದ ಸ್ಯಾಂಪ್ಲರ್‌ನೊಳಗೆ ನಡೆಯುತ್ತವೆ. ಅದರ ಪ್ಲೇಯರ್ ಉಚಿತ, ಪೂರ್ಣ ಆವೃತ್ತಿಗೆ ಹಣ ಕೊಡಬೇಕು. ಪ್ಲೇಯರ್‌ಗೆ ಪರವಾನಗಿ ಪಡೆದ ಲೈಬ್ರರಿಗಳು ಎರಡರಲ್ಲಿಯೂ ಓಡುತ್ತವೆ. ಪಡೆಯದವು ಪ್ಲೇಯರ್‌ನಲ್ಲಿ 15 ನಿಮಿಷ ಮಾತ್ರ ಡೆಮೊ ರೂಪದಲ್ಲಿ ನುಡಿದು ನಿಂತುಬಿಡುತ್ತವೆ. ನೂರು ಡಾಲರಿಗೆ ಸಿಗುವ ಅಗ್ಗದ ಬ್ರಾಸ್ ಲೈಬ್ರರಿಗೆ ಪೂರ್ಣ ಕಾಂಟ್ಯಾಕ್ಟ್ ಬೇಕು ಎಂದರೆ, ಅದು ನಿಮ್ಮಲ್ಲಿಲ್ಲದಿದ್ದಲ್ಲಿ ಅಗ್ಗವಲ್ಲ. ಹೊಸ ಲೈಬ್ರರಿಗಳಲ್ಲಿ ಕೆಲವು ಕಾಂಟ್ಯಾಕ್ಟ್‌ನ ಇತ್ತೀಚಿನ ಆವೃತ್ತಿಯನ್ನೇ ಕೇಳುವುದರಿಂದ, ಹಳೆಯ ಪೂರ್ಣ ಆವೃತ್ತಿ ಇದ್ದವರೂ ಅದರ ಅಪ್‌ಡೇಟ್ ಖರ್ಚನ್ನು ಸೇರಿಸಿ ಲೆಕ್ಕ ಹಾಕಬೇಕು. ಲೈಬ್ರರಿಯ ಪುಟದಲ್ಲಿ ಕೊನೆಗೆ, ಸಣ್ಣಕ್ಷರದಲ್ಲಿ, ಸಿಸ್ಟಂ ಅಗತ್ಯಗಳ ಕೆಳಗೆ ಇದು ಬರೆದಿರುತ್ತದೆ. ಸ್ಪಿಟ್‌ಫೈರ್, ಆರ್ಕೆಸ್ಟ್ರಲ್ ಟೂಲ್ಸ್, ವಿಯೆನ್ನಾ, ಈಸ್ಟ್‌ವೆಸ್ಟ್‌ಗಳ ಸ್ವಂತ ಪ್ಲೇಯರ್‌ಗಳಿಗೆ ಈ ಖರ್ಚಿಲ್ಲ.

ಎಸ್‌ಎಸ್‌ಡಿಯದು ಎರಡನೆಯ ಮರೆಯ ಖರ್ಚು. 600 ಜಿಬಿಯ ಅಪ್‌ಗ್ರೇಡ್ ಕೊಂಡವರ ಬಳಿ ಅಷ್ಟು ಖಾಲಿ ಜಾಗವಿರಬೇಕು, ಸಾಮಾನ್ಯ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟರೆ ಟೆಂಪ್ಲೇಟ್ (ವಾದ್ಯಗಳನ್ನೆಲ್ಲ ಜೋಡಿಸಿಟ್ಟ ಪ್ರಾಜೆಕ್ಟ್) ತೆರೆಯುವಷ್ಟರಲ್ಲಿ ಕಾಫಿ ಮುಗಿದಿರುತ್ತದೆ. ಕೆಲವು ಡೌನ್‌ಲೋಡರ್‌ಗಳಿಗೆ ಸಂಕುಚಿತ ಫೈಲು ಬಿಚ್ಚಲು ತಾತ್ಕಾಲಿಕವಾಗಿ ಇನ್ನೂ ಹೆಚ್ಚಿನ ಜಾಗ ಬೇಕಾಗುತ್ತದೆ.

ಡಾಲರನ್ನು ರೂಪಾಯಿ ಮಾಡಿ ನೋಡುವುದು

ಭಾರತದಿಂದ ಕೊಳ್ಳುವವರ ಲೆಕ್ಕ ಕಾರ್ಟಿನ ಅಂಕಿಗೆ ಮುಗಿಯುವುದಿಲ್ಲ. ವಿದೇಶಿ ಕಂಪನಿ ಇಲ್ಲಿನ ಗ್ರಾಹಕರಿಗೆ ಮಾರುವ ಡಿಜಿಟಲ್ ಸರಕಿನ ಮೇಲೆ ಶೇ. 18ರ ಜಿಎಸ್‌ಟಿ ಇದೆ. ಅದಕ್ಕೆ ನೋಂದಣಿ ಮಾಡಿಕೊಂಡ ಕಂಪನಿಗಳು ಕೊನೆಯ ಪುಟದಲ್ಲಿ ಅದನ್ನು ಸೇರಿಸುತ್ತವೆ. ನಂತರ ಬ್ಯಾಂಕು ವಿದೇಶಿ ವಹಿವಾಟಿನ ಶುಲ್ಕವನ್ನು ಹಾಕುತ್ತದೆ. ಬಹಳಷ್ಟು ಕ್ರೆಡಿಟ್ ಕಾರ್ಡುಗಳಲ್ಲಿ ಇದು ಶೇ. 2ರಿಂದ 3.5, ಆ ಶುಲ್ಕದ ಮೇಲೆ ಮತ್ತೆ ಶೇ. 18 ತೆರಿಗೆ. ಮೇಲಿನ ಉದಾಹರಣೆಯ 360 ಡಾಲರಿನ ಅಪ್‌ಗ್ರೇಡನ್ನೇ ತೆಗೆದುಕೊಳ್ಳಿ. ಡಾಲರಿಗೆ 90 ರೂಪಾಯಿ ಎಂದು ಹಿಡಿದರೆ ಅದು 32,400 ರೂಪಾಯಿ ಎನಿಸುತ್ತದೆ. ಜಿಎಸ್‌ಟಿ ಸೇರಿದರೆ 424.80 ಡಾಲರ್, ಅಂದರೆ 38,232 ರೂಪಾಯಿ. ಶೇ. 3.5ರ ಶುಲ್ಕ 1,338 ರೂಪಾಯಿ, ಅದರ ಮೇಲಿನ ತೆರಿಗೆ ಸುಮಾರು 241 ರೂಪಾಯಿ ಸೇರಿ ಕಾರ್ಡಿನ ಬಿಲ್ಲಿನಲ್ಲಿ 39,811 ರೂಪಾಯಿ ಬರುತ್ತದೆ. ಎರಡು ಅಂಕಿಗಳ ನಡುವೆ ಏಳು ಸಾವಿರ ರೂಪಾಯಿಗೂ ಹೆಚ್ಚು ಅಂತರವಿದೆ.

ಈ ಅಂತರವನ್ನು ಕಡಿಮೆ ಮಾಡುವ ದಾರಿಗಳೂ ಇವೆ. ವಿದೇಶಿ ಶುಲ್ಕ ಕಡಿಮೆ ಇರುವ ಕಾರ್ಡನ್ನು ಈ ಕೆಲಸಕ್ಕೆಂದೇ ಇಟ್ಟುಕೊಳ್ಳಬಹುದು. ರೂಪಾಯಿಯಲ್ಲಿ ಕೊಡುತ್ತೀರಾ, ಡಾಲರಿನಲ್ಲಿ ಕೊಡುತ್ತೀರಾ ಎಂದು ಪಾವತಿಯ ಪುಟ ಕೇಳಿದರೆ ಡಾಲರನ್ನೇ ಆಯ್ದುಕೊಳ್ಳಬೇಕು. ರೂಪಾಯಿ ಆಯ್ದರೆ ವಿನಿಮಯ ದರವನ್ನು ನಿಗದಿಪಡಿಸುವವರು ಮಧ್ಯವರ್ತಿಗಳು. ಪೇಪಾಲ್ ಮೂಲಕ ಕೊಡುವಾಗಲೂ ಹೀಗೆಯೇ, ವಿನಿಮಯವನ್ನು ಕಾರ್ಡಿನ ಬ್ಯಾಂಕಿಗೆ ಬಿಡುವ ಆಯ್ಕೆಯನ್ನು ಹುಡುಕಬೇಕು. ಜಿಎಸ್‌ಟಿ ನೋಂದಣಿ ಇರುವ ಸಂಯೋಜಕರು ಮತ್ತು ಸ್ಟುಡಿಯೊಗಳು ತಮ್ಮ ಜಿಎಸ್‌ಟಿ ಸಂಖ್ಯೆಯನ್ನು ಕೊಟ್ಟರೆ ಕಂಪನಿ ತೆರಿಗೆ ಹಾಕುವುದಿಲ್ಲ. ಆದರೆ ಆಗ ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಆ ತೆರಿಗೆಯನ್ನು ತಾವೇ ಕಟ್ಟಿ, ಅರ್ಹತೆ ಇದ್ದರೆ ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವ ಇನ್‌ಪುಟ್ ಕ್ರೆಡಿಟ್ ಪಡೆಯಬೇಕಾಗುತ್ತದೆ. ಇದನ್ನು ಲೆಕ್ಕಪರಿಶೋಧಕರನ್ನು ಕೇಳಿಯೇ ಮಾಡಬೇಕು. ಮಾರಾಟದ ಕೊನೆಯ ರಾತ್ರಿ ಕಾರ್ಡು ತಿರಸ್ಕೃತವಾಗದಿರಲು ಅಂತರರಾಷ್ಟ್ರೀಯ ಆನ್‌ಲೈನ್ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ಆನ್ ಮಾಡಿಟ್ಟುಕೊಳ್ಳಿ. 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳಲ್ಲಿ ಅದು ತಾನಾಗಿ ಚಾಲೂ ಇರುವುದಿಲ್ಲ.

ಬಾಡಿಗೆಗೆ ಪಡೆಯುವುದು ಲಾಭವೇ?

ಈಸ್ಟ್‌ವೆಸ್ಟ್‌ನ ಕಂಪೋಸರ್‌ಕ್ಲೌಡ್, ಸಿನಿಸ್ಯಾಂಪಲ್ಸ್‌ನ ಮ್ಯೂಸಿಯೊ ಇವು ತಿಂಗಳ ಅಥವಾ ವರ್ಷದ ಚಂದಾಕ್ಕೆ ಇಡೀ ಸಂಗ್ರಹವನ್ನು ಬಳಸಲು ಕೊಡುತ್ತವೆ. ಒಂದು ಸಿನಿಮಾದ ಹಿನ್ನೆಲೆ ಸಂಗೀತಕ್ಕೆ ಮೂರು ತಿಂಗಳು ದೊಡ್ಡ ವಾದ್ಯವೃಂದ ಬೇಕು, ಆಮೇಲೆ ಮತ್ತೆ ಕೀಬೋರ್ಡು, ತಬಲಗಳ ಕೆಲಸ ಎನ್ನುವವರಿಗೆ ಇದು ಅಪ್‌ಗ್ರೇಡಿಗಿಂತ ಖಂಡಿತ ಅಗ್ಗ. ಚಂದಾ ನಿಂತ ಮೇಲೆ ಹಳೆಯ ಪ್ರಾಜೆಕ್ಟ್ ತೆರೆದರೆ ಆ ಟ್ರ್ಯಾಕ್‌ಗಳು ಮೌನವಾಗಿರುತ್ತವೆ ಎಂಬುದನ್ನು ಮರೆಯಬಾರದು. ನಿಲ್ಲಿಸುವ ಮೊದಲು ಪ್ರತಿ ಟ್ರ್ಯಾಕನ್ನೂ ಆಡಿಯೊ ಫೈಲಾಗಿ ಬೌನ್ಸ್ ಮಾಡಿ (ಉಳಿಸಿ) ಇಟ್ಟುಕೊಳ್ಳಬೇಕು. ನಿರ್ದೇಶಕರು ಆರು ತಿಂಗಳ ಬಳಿಕ ಕರೆ ಮಾಡಿ ಕ್ಲೈಮ್ಯಾಕ್ಸ್ ಇಪ್ಪತ್ತು ಸೆಕೆಂಡು ಉದ್ದವಾಗಿದೆ ಎಂದರೆ ಒಂದು ತಿಂಗಳ ಚಂದಾ ಮತ್ತೆ ಕಟ್ಟುವುದು, ಅಷ್ಟೇ. ಇಲ್ಲಿನ ಕಾರ್ಡುಗಳಲ್ಲಿ ತಾನಾಗಿ ಕಡಿತವಾಗುವ ಪಾವತಿಗೆ ರಿಸರ್ವ್ ಬ್ಯಾಂಕಿನ 2021ರ ನಿಯಮ ಅನ್ವಯಿಸುವುದರಿಂದ ವಿದೇಶಿ ಚಂದಾಗಳ ನವೀಕರಣ ಕೆಲವೊಮ್ಮೆ ವಿಫಲವಾಗುತ್ತದೆ; ಕೆಲಸದ ನಡುವೆ ಇರುವವರು ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲಿ.

ಚಂದಾ ಕಟ್ಟಿದ ಹಣ ಮುಂದೆ ಸ್ವಂತಕ್ಕೆ ಕೊಳ್ಳುವಾಗ ವಜಾ ಆಗುತ್ತದೆಯೇ ಎಂದು ಕೇಳಿ ತಿಳಿಯಬೇಕು. ಆಗುವುದಿಲ್ಲ ಎಂದಾದರೆ ಎರಡು ವರ್ಷದ ಚಂದಾವನ್ನೂ ಮಾರಾಟದ ದಿನದ ಬೆಲೆಯನ್ನೂ ಎದುರುಬದುರು ಇಟ್ಟು ನೋಡಿ.

ಯಾರಿಂದ ಕೊಳ್ಳಬೇಕು, ಏನನ್ನು ಕಾಪಾಡಬೇಕು

ಜರ್ಮನಿಯ ಬೆಸ್ಟ್ ಸರ್ವಿಸ್, ಬ್ರಿಟನ್ನಿನ ಪ್ಲಗಿನ್ ಬುಟೀಕ್‌ನಂತಹ ಮರುಮಾರಾಟಗಾರರಲ್ಲಿ ಕೆಲವೊಮ್ಮೆ ಕಂಪನಿಗಿಂತ ಕಡಿಮೆ ಬೆಲೆ ಅಥವಾ ಮುಂದಿನ ಖರೀದಿಗೆ ಅಂಕಗಳು ಸಿಗುತ್ತವೆ. ಹೊಸ ಖರೀದಿಗೆ ಅವರು ಒಳ್ಳೆಯವರು. ಅಪ್‌ಗ್ರೇಡಿಗೆ ಮಾತ್ರ ಕಂಪನಿಯ ಸ್ವಂತ ಅಂಗಡಿಯೇ ವಾಸಿ, ಏಕೆಂದರೆ ನಿಮ್ಮ ಖಾತೆಯಲ್ಲಿ ಏನಿದೆ ಎಂದು ಅದಕ್ಕೆ ಮಾತ್ರ ಗೊತ್ತು. ಹೊರಗಿನಿಂದ ಅಪ್‌ಗ್ರೇಡ್ ಸೀರಿಯಲ್ ಸಂಖ್ಯೆ (ಲೈಸೆನ್ಸ್ ತೆರೆಯುವ ಸಂಕೇತ) ಕೊಳ್ಳುವುದಾದರೆ ಯಾವ ಆವೃತ್ತಿಯಿಂದ ಯಾವುದಕ್ಕೆ ಎಂಬುದನ್ನು ಎರಡು ಸಲ ಓದಿ. ತಪ್ಪಾದ ಸೀರಿಯಲ್ ಒಮ್ಮೆ ತೆರೆದರೆ ಹಿಂತಿರುಗಿಸುವುದು ಕಷ್ಟ. ಡೌನ್‌ಲೋಡ್ ಶುರುವಾದ ಲೈಬ್ರರಿಗೆ ಹಣ ವಾಪಸ್ಸು ಸಿಗುವುದಿಲ್ಲ ಎಂಬುದು ಈ ವ್ಯಾಪಾರದ ಸಾಮಾನ್ಯ ಷರತ್ತು. ಆದ್ದರಿಂದ ಡೌನ್‌ಲೋಡ್ ಬಟನ್ ಒತ್ತುವ ಮೊದಲು ಇನ್‌ವಾಯ್ಸ್ ಓದಿ.

ಬಳಸಿದ ಲೈಬ್ರರಿಯನ್ನು ಇನ್ನೊಬ್ಬರಿಂದ ಕೊಳ್ಳುವ ಯೋಚನೆ ಇದ್ದರೆ ಆ ಕಂಪನಿ ಲೈಸೆನ್ಸ್ ವರ್ಗಾವಣೆಗೆ ಒಪ್ಪುತ್ತದೆಯೇ, ಶುಲ್ಕವೆಷ್ಟು, ವರ್ಗವಾದ ಪ್ರತಿಗೆ ಅಪ್‌ಗ್ರೇಡ್ ಹಕ್ಕು ಉಳಿಯುತ್ತದೆಯೇ ಎಂದು ಲಿಖಿತವಾಗಿ ಕೇಳಬೇಕು. ಬಹಳಷ್ಟು ಕಂಪನಿಗಳು ವರ್ಗಾವಣೆಯನ್ನೇ ಒಪ್ಪುವುದಿಲ್ಲ. ವಿದ್ಯಾರ್ಥಿ ಬೆಲೆಗೆ ಕೊಂಡದ್ದನ್ನು ವೃತ್ತಿಪರ ಕೆಲಸಕ್ಕೆ ಬಳಸಬಹುದೇ, ಅದರಿಂದ ಮುಂದೆ ಅಪ್‌ಗ್ರೇಡ್ ಆಗಬಹುದೇ ಎಂಬ ನಿಯಮವೂ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಲೈಸೆನ್ಸ್ ಎಲ್ಲಿ ಕುಳಿತಿದೆ ಎಂಬುದೂ ತಿಳಿದಿರಬೇಕು. ವಿಯೆನ್ನಾದವರು ಹಿಂದೆ ಬಳಸುತ್ತಿದ್ದ ಇಲೈಸೆನ್ಸರ್ ಎಂಬ ಯುಎಸ್‌ಬಿ ಕೀಯನ್ನು ಬಿಟ್ಟು 2022ರಲ್ಲಿ ಇನ್ನೊಂದು ಲೈಸೆನ್ಸ್ ವ್ಯವಸ್ಥೆಯಾದ ಐಲಾಕ್‌ಗೆ ಹೋದರು. ಇಲೈಸೆನ್ಸರ್ ಸೇವೆ 2025ರ ಮೇ ತಿಂಗಳಲ್ಲಿ ನಿಂತಿತು. ಹಳೆಯ ಕೀಯನ್ನು ಡ್ರಾಯರಿನಲ್ಲಿಯೇ ಬಿಟ್ಟವರು ಅಪ್‌ಗ್ರೇಡಿಗೆ ಕೈಹಾಕುವ ಮೊದಲು, ಅದರೊಳಗಿನ ಲೈಸೆನ್ಸ್ ತಮ್ಮ ಖಾತೆಯಲ್ಲಿ ಕಾಣುತ್ತಿದೆಯೇ ಎಂದು ನೋಡಬೇಕು. ಕಂಪನಿಗಳ ಒಡೆತನವೂ ಬದಲಾಗುತ್ತಿರುತ್ತದೆ, ಸ್ಪಿಟ್‌ಫೈರನ್ನು 2025ರಲ್ಲಿ ಸ್ಪ್ಲೈಸ್ ಕೊಂಡುಕೊಂಡಿತು. ಆದಕಾರಣ ಇನ್‌ವಾಯ್ಸ್‌ಗಳ ಪಿಡಿಎಫ್ ಮತ್ತು ಸೀರಿಯಲ್ ಸಂಖ್ಯೆಗಳನ್ನು ಕಂಪನಿಯ ಖಾತೆಯ ಮೇಲೆಯೇ ನಂಬಿಕೆಯಿಟ್ಟು ಬಿಡದೆ ನಿಮ್ಮ ಬಳಿಯೂ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳುವುದು ಒಳಿತು.

ಅಪ್‌ಗ್ರೇಡ್ ಆದ ಮೇಲೆ ಹಳೆಯ ಆವೃತ್ತಿಯನ್ನು ಕೂಡಲೇ ಅಳಿಸಬೇಡಿ. ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದಲ್ಲಿ ಒಂದು ಆವೃತ್ತಿಯಲ್ಲಿ ಬರೆದ ಪ್ರಾಜೆಕ್ಟನ್ನು ಇನ್ನೊಂದರಲ್ಲಿ ತೆರೆಯುವ ಅನುಕೂಲವಿದೆ, ಎಲ್ಲ ಲೈಬ್ರರಿಗಳಲ್ಲಿ ಹಾಗಿರುವುದಿಲ್ಲ. ಬೇರೆ ಕಡೆ ಹೊಸದು ಬೇರೆಯೇ ಹೆಸರಿನ ಪ್ಲಗಿನ್ ಆಗಿ ಬರುತ್ತದೆ, ನುಡಿಸುವ ರೀತಿಯನ್ನು ಬದಲಿಸುವ ಕೀಸ್ವಿಚ್‌ಗಳ ಜಾಗ ಬದಲಾಗಿರುತ್ತದೆ, ಧ್ವನಿಯ ಮಟ್ಟ ಹೆಚ್ಚುಕಡಿಮೆಯಾಗಿರುತ್ತದೆ. ನಡೆಯುತ್ತಿರುವ ಕೆಲಸವನ್ನು ಹಳೆಯದರಲ್ಲಿಯೇ ಮುಗಿಸಿ, ಹೊಸ ಟೆಂಪ್ಲೇಟನ್ನು ಬಿಡುವಿನಲ್ಲಿ ಕಟ್ಟಿಕೊಳ್ಳಿ. ಅಪ್‌ಗ್ರೇಡಿನೊಂದಿಗೆ ಹಳೆಯ ಆವೃತ್ತಿಯ ಲೈಸೆನ್ಸ್ ಹೆಚ್ಚಿನ ಕಡೆ ಹೊಸದರೊಳಗೆ ಸೇರಿಹೋಗುವುದರಿಂದ, ಅದನ್ನು ಗೆಳೆಯರಿಗೆ ಕೊಡುವುದಾಗಲಿ, ಸ್ಟುಡಿಯೊದ ಎರಡನೆಯ ಸಂಯೋಜಕರಿಗೆ ಪ್ರತ್ಯೇಕ ಪ್ರತಿಯಾಗಿ ಬಿಡುವುದಾಗಲಿ ಆಗುವುದಿಲ್ಲ. ಇಬ್ಬರು ಬಳಸುವ ಸ್ಟುಡಿಯೊದವರು ಅಪ್‌ಗ್ರೇಡ್ ಬೆಲೆಯ ಜೊತೆಗೆ ಎರಡನೆಯ ಲೈಸೆನ್ಸಿನ ಬೆಲೆಯನ್ನೂ ಕೇಳಿಕೊಂಡೇ ತೀರ್ಮಾನಿಸಬೇಕು.